ಹುಳುಮನೆಯಲ್ಲಿ ಪಿಯಾನೊ

ಜಂಗಮಕೋಟೆ, ಬುಧವಾರ

ರಾಮಾಂಜಿನಪ್ಪನವರಿಗೆ ಪಿಯಾನೊ ಟೀಚರ್ ತನುಜಾಳ ನಮಸ್ಕಾರ.

ರೇಷ್ಮೆಗೂಡು ಮಾರಿ ಖಾಲಿಯಾದ ನಿಮ್ಮ ಹುಳುಮನೆಯನ್ನು ಭಾನುವಾರ ಸಂಜೆಯ ಮಕ್ಕಳ ಕಾರ್ಯಕ್ರಮಕ್ಕೆ ಬಿಟ್ಟುಕೊಟ್ಟಿರಿ, ಉಪಕಾರವಾಯಿತು. ನಿನ್ನೆ ಅಲ್ಲೇ ನುಡಿಸಿ ನೋಡಿದೆವು. ಮಕ್ಕಳು ಹುಳುಮನೆಯ ರೂಢಿಯಂತೆ ಕಾಲು ತೊಳೆದೇ ಒಳಗೆ ಬಂದರು. ನಿಮ್ಮ ಮೊಮ್ಮಗಳು ಹರಿಣಿ ಮಾತ್ರ ಕೇಳಿಸದಷ್ಟು ಮೆಲ್ಲಗೆ ನುಡಿಸಿದಳು. ಯಾಕೆಂದು ಕೇಳಿದರೆ, "ಹುಳ ಎದ್ಬಿಡ್ತಾವೆ ಮಿಸ್" ಎಂದಳು. ಹುಳು ಸಾಕುವ ತಟ್ಟೆಗಳೆಲ್ಲ ಖಾಲಿ ಎಂದು ತೋರಿಸಿದ ಮೇಲೆ ಗೋಡೆ ಅದುರುವಂತೆ ಬಾರಿಸಿದಳು.

ನಿಮ್ಮಿಂದ ಚಾಪೆ, ಕುಡಿಯುವ ನೀರು ಸಾಕು. ಬೋಂಡ ನಾನು ತರುತ್ತೇನೆ.

ನುಡಿಸುವ ಮಕ್ಕಳು ಹತ್ತು ಮಂದಿ. ಹನ್ನೊಂದನೆಯವರು ಆರು ತಿಂಗಳಿಂದ ಡೈರಿಗೆ ಹಾಲು ಹಾಕಿ ಬರುವಾಗ ನನ್ನ ಬಳಿ ಕಲಿತವರು. "ಮನೇಲಿ ಹೇಳ್ಬೇಡ ಕಣಮ್ಮ" ಎಂದಿದ್ದಾರೆ. ಅದಕ್ಕೇ ಹೆಸರು ಬರೆದಿಲ್ಲ.

ಭಾನುವಾರ ಸಂಜೆ ಮಾತ್ರ ಹರಿಣಿಯ ಅಜ್ಜಿಯನ್ನು ಕಳಿಸದೆ, ಹಾಲು ನೀವೇ ಹಾಕಿ ಬನ್ನಿ. ಮುಂದಿನ ಸಾಲಿನ ಚಾಪೆ ನಿಮಗೇ ಇಟ್ಟಿರುತ್ತೇನೆ.

ಇಂತಿ,
ತನುಜಾ