ಕ್ವೊಕ್ ಆಡದ ಮಾತು

12 ಅಕ್ಟೋಬರ್ 1999, ಬೆಳಿಗ್ಗೆ 7.30
ಮತ್ತೆ ಅದೇ ಬೂದು ಸ್ಕರ್ಟು. ಪೋರ್ಚುಗಲ್ಲಿನ ಪೋರ್ತು ಕಡೆಯ ಬಟ್ಟೆ ವ್ಯಾಪಾರಿಗಳಿಗೆ ದುಭಾಷಿ ಕೆಲಸ. ಪೋರ್ಚುಗೀಸರ ಕೈಲಿರೋ ಮಕಾವ್ ಇನ್ನು ಅರವತ್ತೊಂಬತ್ತು ದಿನಕ್ಕೆ ಚೀನಾದ್ದು. ವ್ಯಾಪಾರ ಕಚೇರಿಯ ಡೈರೆಕ್ಟರಿಗೆ ಒಂದೇ ಜಪ: "ವಿಶ್ವಾಸ, ಲೀಡಿಯಾ! ಮುಖದಲ್ಲಿ ಕಾಣ್ಬೇಕು." ಅಮ್ಮ ಖೀಮಾ ಹುರೀತಾ, "ಲಿಸ್ಬನ್ ಟಿಕೆಟ್ ಯಾವಾಗ ತಗೋತೀಯೇ?" ಕೇಳಿಸದ ಹಾಗೆ ಹೊರಟೆ.

ಸಂಜೆ 6
ಊಟದ ಮೇಜಲ್ಲಿ ಅಬ್ರಾಂತೆಸ್, ಸ್ವೆಟರ್ ಕೊಳ್ಳೋಕೆ ಬಂದ ಮುದುಕ. ಎದುರಿಗೆ ಹೆಣಿಗೆ ಕಾರ್ಖಾನೆಯ ಕ್ವೊಕ್.
ಅಬ್ರಾಂತೆಸ್ ಕೇಳಿದರು: "ಡಿಸೆಂಬರ್ ಆದ್ಮೇಲೂ ಇಲ್ಲೇ ಇರ್ತೀರಾ? ಬೇರೆಲ್ಲೋ ಹೆಣೆದು ಮಕಾವ್ ಲೇಬಲ್ ಹಚ್ಚಿದ್ರೆ ನಮ್ಮ ಕಸ್ಟಮ್ಸಲ್ಲಿ ನನ್ನ ಕಥೆ ಮುಗೀತು."
ಕ್ವೊಕ್ ಮೀನಿನ ಮುಳ್ಳು ಬಿಡಿಸ್ತಾ ಕ್ಯಾಂಟನೀಸಲ್ಲಿ ಅಂದರು: "ಜನವರಿಗೆ ಮಷಿನೆಲ್ಲ ಗಡಿ ಆಚೆ ಚೀನಾಕ್ಕೆ, ಝೂಹಾಯ್‌ಗೆ. ಇವನಿಗೆ ಏನಾದ್ರೂ ಸಿಹಿಯಾಗಿ ಹೇಳಮ್ಮ."
ಹೇಳಿದೆ. ಕ್ವೊಕ್‌ರದೇ ಮಾತು ಅನ್ನೋ ಹಾಗೆ, ಪೋರ್ಚುಗೀಸಲ್ಲಿ: "ಅಪ್ಪ ಕಟ್ಟಿದ ಕಾರ್ಖಾನೆ. ಬಿಟ್ಟು ಎಲ್ಲಿಗೆ ಹೋಗ್ಲಿ?"
ಎಲ್ಲಿಂದ ಬಂತೋ ಬಾಯಿಗೆ... ಅಬ್ರಾಂತೆಸ್ ಎದ್ದು ಬಂದು ಕ್ವೊಕ್‌ರ ಎರಡೂ ಕೈ ಹಿಡಿದುಕೊಂಡರು. ಡೈರೆಕ್ಟರ್ ದೂರದಿಂದ ಹೆಬ್ಬೆರಳು ಎತ್ತಿದರು.

9 ನವೆಂಬರ್
ಪೋರ್ತುವಿಂದ ಅಬ್ರಾಂತೆಸ್ ಫ್ಯಾಕ್ಸ್. ಮೂರು ವರ್ಷದ ಕರಾರಿಗೆ ಒಪ್ಪಿಗೆ. ಹಳೆಯ ಸಪ್ಲೈಯರನ್ನು ಬಿಟ್ಟರಂತೆ. ಕೆಳಗೆ ಕೈಬರಹ — "ಕ್ವೊಕ್ ಅಂದದ್ದನ್ನು ನನ್ನ ಹೆಂಡತಿಗೂ ಹೇಳಿದೆ."
ಡೈರೆಕ್ಟರ್ ಹತ್ತಿರ ಎಲ್ಲ ಒಪ್ಪಿಕೊಂಡೆ. ಬಾಗಿಲು ಹಾಕಿದರು.
"ಸಹಿ ಆಗೋವರೆಗೂ ಸುಮ್ನಿರು. ದುಭಾಷಿಗೆ ಸ್ವಂತ ಬಾಯಿ ಎಲ್ಲಿದೆ?"
ಅದನ್ನು ಅವರು ಊಟದ ದಿನವೇ ಹೇಳಬೇಕಿತ್ತು.

10 ನವೆಂಬರ್
ಲಂಚ್ ಬಿಟ್ಟು ಕ್ವೊಕ್‌ರ ಕಾರ್ಖಾನೆಗೆ ಹೋದೆ. ಮಷಿನ್ ಸದ್ದು, ಕಿರುಚಿ ಮಾತಾಡಬೇಕು. ನಾನೇನು ಹೇಳಿದ್ದೆ ಅಂತ ತಿಳಿಸಿದೆ. ಮೊದಲು ನಕ್ಕರು. ಆಮೇಲೆ ನಗು ನಿಂತಿತು.
"ನಮ್ಮಪ್ಪನ್ನ ಯಾಕೆ ಎಳೆದು ತಂದೆ?"
"ತಪ್ಪಾಯ್ತು. ನಿಜ ಹೇಳಿಬಿಡಿ ಅವರಿಗೆ."
"ನಿಜಾನಾ? ಸರಿ, ನೀನು ಹೇಳು. ನೀನು ಇಲ್ಲೇ ಇರ್ತೀಯಾ?"
ಗಡಿಯಾರ ನೋಡಿ, ಲಂಚ್ ಹೊತ್ತು ಮುಗೀತು ಅಂದೆ.
"ನೋಡಿದ್ಯಾ," ಅಂದು ಟೀ ತರಿಸಿದರು.

3 ಡಿಸೆಂಬರ್, ಮಧ್ಯಾಹ್ನ
ಸಹಿಯ ದಿನ. ಹೂವು, ಕ್ಯಾಮೆರಾ, ಎರಡು ಬಾವುಟ. ಅಬ್ರಾಂತೆಸ್ ಪೆನ್ನು ಬಿಚ್ಚಿ, ಸುಮ್ಮನೆ ಸಲಿಗೆಯಿಂದ, "ಮತ್ತೆ, ಇಲ್ಲೇ ತಾನೆ?" ಅಂದರು.
ಕ್ವೊಕ್ ನನ್ನ ಮುಖ ನೋಡಿದರು. "ಝೂಹಾಯ್ ಶೆಡ್ಡಿಗೆ ಅಡ್ವಾನ್ಸ್ ಕೊಟ್ಟಾಗಿದೆ. ನಿನಗೆ ಬೇಕಾದ್ದು ಹೇಳ್ಕೋ."
ಈ ಸಲ ಕ್ವೊಕ್ ಅಂದದ್ದನ್ನೇ ಪೋರ್ಚುಗೀಸಲ್ಲಿ ಅಂದೆ. ಅಕ್ಟೋಬರಿನ ಮಾತು ನನ್ನದು, ಅವರದಲ್ಲ ಅಂತಲೂ ಅಂದೆ.
ಪೆನ್ನಿಗೆ ಮುಚ್ಚಳ ಬಿತ್ತು. ಅಬ್ರಾಂತೆಸ್ ಯಾರನ್ನೂ ನೋಡದೆ ಹೋದರು.
"ಏನ್ ಹೇಳ್ದೆ?" ಕ್ವೊಕ್ ಪಿಸುಗುಟ್ಟಿದರು.
"ನೀವು ಹೇಳಿದ್ದನ್ನೇ."

20 ಡಿಸೆಂಬರ್
ಹಸ್ತಾಂತರ ಸಮಾರಂಭದ ದುಭಾಷಿಗಳ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಟಿವಿಯಲ್ಲಿ ಪೋರ್ಚುಗಲ್ ಬಾವುಟ ಇಳಿಯಿತು. ಅಮ್ಮ ಅತ್ತಳು, ಆಮೇಲೆ ಸೌಂಡ್ ಕಡಿಮೆ ಮಾಡು ಅಂದಳು. ಕೂತಲ್ಲಿ ಕೂರಲಾಗದೆ ಮೂರು ಸಲ ಬೀದಿ ಸುತ್ತಿ ಬಂದೆ.

21 ಡಿಸೆಂಬರ್, ಸಂಜೆ 5
ಮನೆ ಬಾಗಿಲಿಗೆ ಕ್ವೊಕ್. ಬೆವರಿದ್ದಾರೆ, ಈ ಚಳಿಯಲ್ಲೂ.
"ಇಪ್ಪತ್ತು ಮಷಿನ್ ಇಲ್ಲೇ ಇಡ್ತೀನಿ. ಅವನ ಆರ್ಡರ್‌ಗೆ ಅಷ್ಟು ಸಾಕು. ಹೇಳು ಅವನಿಗೆ."
"ನಂಬ್ತಾರಾ?"
"ನನ್ನನ್ನ ನಂಬಲ್ಲ. ನಿನ್ನನ್ನ ನಂಬ್ತಾನೆ. ಅವತ್ತು ನನ್ನ ಮರ್ಯಾದೆ ತೆಗೆದ್ಯಲ್ಲ, ಅದಕ್ಕೇ."
"ನಿಜಕ್ಕೂ ಇಡ್ತೀರಾ?"
"ಬಾ, ಬೋಲ್ಟ್ ಬಿಗಿದಿರೋದು ತೋರಿಸ್ತೀನಿ."
ಹೋಗಿ ನೋಡಿಬಂದೆ. ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿದೆ. ಇಪ್ಪತ್ತು.
ಪೋರ್ತುವಿನಲ್ಲಿ ಈಗ ಬೆಳಿಗ್ಗೆ. ರಿಸೀವರ್ ಭುಜಕ್ಕೆ ಸಿಕ್ಕಿಸಿಕೊಂಡು ಬರೀತಿದ್ದೇನೆ. ಅಡುಗೆಮನೆಯಲ್ಲಿ ಅಮ್ಮ ಕ್ವೊಕ್‌ಗೆ ಬಡಿಸ್ತಿದ್ದಾಳೆ. ರಿಂಗ್ ಆಗ್ತಿದೆ... ಎತ್ತಿದರು. ಅಬ್ರಾಂತೆಸ್ ಹೆಂಡತಿ ಇರಬೇಕು, ಯಾರು ಅಂತ ಕೇಳ್ತಿದ್ದಾರೆ. ನಾನು ಲೀಡಿಯಾ, ಅಪ್ಪನ ಕಾರ್ಖಾನೆಯ ಮಾತು ಹೇಳಿದ ದುಭಾಷಿ, ಅಂದೆ.