ಎರಡು ಬ್ಯಾಟರಿ ಹಾಕಿಕೊಡಲಾರೆ, ಕಾಂಗ್ ಯಾಯತ್

ಉಜುಂಗ್‌ಬೆರುಂಗ್, ಬಾಂಡುಂಗ್
ಭಾನುವಾರ

ಹೆತ್ತ ತಾಯಿ ಬೇರೆಯಾದರೂ ಅಣ್ಣನೇ ಆಗಿರುವ ಕಾಂಗ್ ಯಾಯತ್‌ಗೆ,

ಅತ್ತಿಗೆ ತೆಹ್ ಇಮಾಸ್ ಬೆಳಿಗ್ಗೆ ನಿನ್ನ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಬಂದಿದ್ದರು. ನನ್ನ ಸ್ಟುಡಿಯೊದ ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು, "ತಗೋ ಇಯುಸ್, ನಿಮ್ಮಣ್ಣನಿಗೆ ಒಂದು ಬ್ಯಾಟರಿ ಸಾಲದಂತೆ, ಎರಡು ಹಾಕಿಸ್ಕೊಂಡು ಬಾ ಅಂದ್ರು. ಹೆಂಡ್ತಿ ಊಟ ಮಾಡಿದ್ಲಾ ಅಂತ ಕೇಳೋಕೆ ಪುರುಸೊತ್ತಿಲ್ಲ, ಗಿಟಾರಿಗೆ ಹಸಿವಾಗಿದೆ ಅಂತ ಮಾತ್ರ ಗೊತ್ತಾಗುತ್ತೆ" ಎಂದು ಹೇಳಿ ಹೊರಟುಬಿಟ್ಟರು.

ನಾನು ಹಾಕಿಕೊಡುವುದಿಲ್ಲ. ಕೆಲಸ ಕಷ್ಟದ್ದೆಂದಲ್ಲ. ಹಿಂದಿನ ಮುಚ್ಚಳ ಬಿಚ್ಚಿ, ಮರದಲ್ಲಿ ಒಂದಿಷ್ಟು ಜಾಗ ಕೆತ್ತಿ, ಎರಡು ವೈರು ಬೆಸೆದರೆ ಮುಗಿಯಿತು. ಆದರೆ ಒಂಬತ್ತು ವೋಲ್ಟ್ ಹದಿನೆಂಟಾದ ಮಾತ್ರಕ್ಕೆ ದನಿ ಇಮ್ಮಡಿಯಾಗುವುದಿಲ್ಲ. ಬಲವಾಗಿ ಬಾರಿಸಿದಾಗ ದನಿ ಒಡೆಯದಂತೆ, ತಂತಿಗಳ ಕಂಪನವನ್ನು ಹಿಡಿಯುವ ಪಿಕಪ್ಪಿನ ಒಳಗಿನ ಸರ್ಕ್ಯೂಟಿಗೆ ಸ್ವಲ್ಪ ಹೆಚ್ಚು ಅವಕಾಶ ಸಿಗುತ್ತದೆ, ಅಷ್ಟೆ. ಅದರ ಲಾಭ ಬಲವಾಗಿ ಬಾರಿಸುವವನಿಗೆ. ನೀನೀಗ ಬಲವಾಗಿ ಬಾರಿಸುತ್ತಿಲ್ಲ, ಕಾಂಗ್. ನಿನ್ನ ಬಲಗೈ ಹಾಳಾಗುತ್ತಿದೆ. ಅದನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ. ಆ ಸಮಯವನ್ನು ನೀನು ಪಿಕಪ್‌ಗಳ ಮೇಲೆ ಕಳೆಯುತ್ತಿದ್ದೀಯ. ಫೋನಿನಲ್ಲಿ ಹೇಳಿದರೆ ಕಟ್ ಮಾಡುತ್ತೀಯ, ಮೆಸೇಜ್ ಮಾಡಿದರೆ ನಗುವ ಮುಖವೊಂದನ್ನು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಕಾಗದ ಹಿಡಿದಿದ್ದೇನೆ.

ಇದು ಶುರುವಾದದ್ದು ಹಬ್ಬದ ರಜೆ ಮುಗಿದು ನಾವು ಮೂವರೂ ಮತ್ತೆ ಅಭ್ಯಾಸಕ್ಕೆ ಕೂತಾಗ. "ಗಿಟಾರಿನ ಗಂಟಲು ಕಟ್ಟಿದೆ" ಎಂದೆ ನೀನು. ಹದಿನೈದು ವರ್ಷ ನಮ್ಮ ಎಲ್ಲ ಹಾಡುಗಳನ್ನೂ ಹೊತ್ತ ಹಳೆಯ ಪ್ಯಾಸಿವ್ ಪಿಕಪ್ ಒಂದೇ ದಿನದಲ್ಲಿ ನಿನ್ನ ಕಣ್ಣಿಗೆ ಸತ್ತ ಕಬ್ಬಿಣವಾಯಿತು. ಸ್ಕ್ರೂ ತಿರುಗಿಸಿ ಅದನ್ನು ತಂತಿಗೆ ಅಂಟುವಷ್ಟು ಎತ್ತರಿಸಿದೆ. ಅಯಸ್ಕಾಂತ ತಂತಿಯನ್ನು ಎಳೆದು, ಇದ್ದ ನಾದವೂ ಬೇಗ ಸಾಯತೊಡಗಿತು. ಆಮೇಲೆ ಜಕಾರ್ತಾದಿಂದ ಆ್ಯಕ್ಟಿವ್ ಪಿಕಪ್ ತರಿಸಿದೆ. ನಮ್ಮ ಕೇರಿಯ ಅರ್ಧ ಗಿಟಾರಿಗರು ನಂಬಿರುವುದನ್ನೇ ನೀನೂ ನಂಬಿದ್ದೆ: ಒಳಗೆ ಬ್ಯಾಟರಿ ಇದೆ, ಆದ್ದರಿಂದ ದನಿ ಜೋರು.

ನಾನು ಆಗಲೇ ವಿವರಿಸಿದ್ದೆ. ನಿನ್ನ ಹಳೆಯ ಪಿಕಪ್ಪಿನಲ್ಲಿ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು ಇದೆ. ಅದರಲ್ಲಿ ಹುಟ್ಟಿದ ಸಂಕೇತ ನೇರವಾಗಿ ಹೊರಬರುತ್ತದೆ. ಆ್ಯಕ್ಟಿವ್‌ನಲ್ಲಿ ಸುತ್ತುಗಳು ಕಡಿಮೆ, ಹುಟ್ಟುವ ಸಂಕೇತವೂ ಸಣ್ಣದು. ಅದನ್ನು ಮೇಲೆತ್ತಲಿಕ್ಕೇ ಬ್ಯಾಟರಿ ಬೇಕು. ಕೊನೆಗೆ ಹೊರಗೆ ಬರುವ ಮಟ್ಟ ಒಳ್ಳೆಯ ಪ್ಯಾಸಿವ್‌ನಷ್ಟೇ ಇರಬಹುದು, ಎಷ್ಟೋ ಸಲ ಕಡಿಮೆಯೂ ಇರಬಹುದು. ಮೊದಲ ವಾರ ಹೊಸದು ಜೋರಾಗಿ ಕೇಳಿಸಿತೆಂದು ನೀನು ಕುಣಿದೆಯಲ್ಲ, ಅದಕ್ಕೂ ಕಾರಣವಿತ್ತು. ನಿನ್ನ ಆ ಉದ್ದದ ಹಳೇ ಕೇಬಲಿನಲ್ಲಿ ಪ್ಯಾಸಿವ್‌ನ ಹೊಳಪೆಲ್ಲ ಸೋರಿಹೋಗುತ್ತಿತ್ತು, ಆ್ಯಕ್ಟಿವ್‌ನದು ಸೋರಲಿಲ್ಲ. ಹೊಳಪನ್ನು ನೀನು ಬಲವೆಂದುಕೊಂಡೆ.

ಎರಡನೆಯ ವಾರಕ್ಕೆ ಅದೂ ಸಾಲದಾಯಿತು. ಆಗ ತಪ್ಪು ಬ್ಯಾಟರಿಯದ್ದಾಯಿತು. ನೀನು ಅಭ್ಯಾಸದ ನಡುವೆ ಗಿಟಾರ್ ಬಿಚ್ಚಿ, ಬ್ಯಾಟರಿ ತೆಗೆದು ನಾಲಿಗೆಗೆ ತಾಗಿಸಿ, "ಚುರುಕಿಲ್ಲ" ಎಂದು ಮುಖ ಹುಳಿ ಮಾಡಿಕೊಳ್ಳುತ್ತಿದ್ದೆ. ತಿಂಗಳುಗಟ್ಟಲೆ ಬಾಳುವ ಬ್ಯಾಟರಿಯನ್ನು ವಾರಕ್ಕೊಂದರಂತೆ ಎಸೆದೆ. ಎಸೆಯಲೂ ಇಲ್ಲ ಎಂದು ಆಮೇಲೆ ತಿಳಿಯಿತು. "ಫ್ರಿಜ್ಜಲ್ಲಿ ಮೊಟ್ಟೆ ಇಡೋ ಕಡೆ ಬ್ಯಾಟರಿ ಸಾಲಾಗಿ ಕೂತಿವೆ, ಮರಿ ಬಂದ್ರೆ ಹೇಳ್ತೀನಿ" ಎಂದರು ತೆಹ್ ಇಮಾಸ್. ನಾವೆಲ್ಲ ನಕ್ಕೆವು. ನೀನು ನಗಲಿಲ್ಲ.

ಕಳೆದ ಭಾನುವಾರದ ಪರೀಕ್ಷೆಯನ್ನು ಕೇಳಿದವನು ನೀನೇ. "ಬಾಯಿಮಾತು ಬೇಡ, ಅಳೆದು ತೋರಿಸು" ಎಂದೆ. ನಾನು ಅಳೆದು ತೋರಿಸಿದೆ. ಅದೇ ಗಿಟಾರ್, ಅದೇ ತಂತಿಗಳು, ಅದೇ ಕೇಬಲ್. ತಂತಿಗೂ ಪಿಕಪ್ಪಿಗೂ ನಡುವಿನ ಅಂತರ ಎರಡು ಸಲವೂ ಒಂದೇ ಇರಲಿ ಎಂದು ಐನೂರು ರುಪಿಯಾದ ನಾಣ್ಯ ತೂರಿಸಿ ನೋಡಿದೆ. ಮೊದಲು ಹಳೆಯದು. ಅದನ್ನು ಬಿಚ್ಚಿ ಹೊಸದನ್ನು ಕೂರಿಸುವ ಹೊತ್ತಿಗೆ ನಮ್ಮ ಡ್ರಮ್ಮರ್ ಮಹಾಶಯ ಎಂಗ್ಕುಸ್ ನನ್ನ ಪಾಲಿನ ಬಟಾಗೋರ್ ಕೂಡ ತಿಂದು, ಕಡಲೆಕಾಯಿ ಚಟ್ನಿಯ ಬೆರಳು ನೆಕ್ಕುತ್ತ ಕೂತಿದ್ದ.

ನೀನು ಬಾರಿಸಿದಾಗ ಹಳೆಯದರಲ್ಲಿ ಇನ್ನೂರ ಅರವತ್ತು ಮಿಲಿವೋಲ್ಟ್, ಹೊಸದರಲ್ಲಿ ಇನ್ನೂರೈವತ್ತು. "ನೋಡಿದ್ಯಾ, ಎರಡೂ ಕಳಪೆ" ಎಂದೆ ನೀನು. ಆಗ ನಾನು ಬಾರಿಸಿದೆ. ಹಳೆಯದು ತೆಗೆಯುವ ಮೊದಲೇ ನಾನೂ ಒಮ್ಮೆ ಬಾರಿಸಿ ಇಟ್ಟಿದ್ದೆ: ನಾನೂರ ಹತ್ತು. ಹೊಸದರಲ್ಲಿ ನಾನೂರು. ನಾನು ಬೇಸ್ ನುಡಿಸುವವನು, ಗಿಟಾರಿನಲ್ಲಿ ನಿನ್ನ ಕಾಲ ಧೂಳಿಗೂ ಸಮನಲ್ಲ. ನಿನ್ನ ಮುಖ ಕೆಂಪಾಯಿತು, "ಮೀಟರ್ ಕೆಟ್ಟಿದೆ" ಎಂದೆ. "ಕೊಡಿಲ್ಲಿ ಕಾಂಗ್, ನಾನು ರಿಪೇರಿ ಮಾಡ್ತೀನಿ" ಎಂದು ಎಂಗ್ಕುಸ್ ಗಿಟಾರ್ ಕಿತ್ತುಕೊಂಡು ಒಗೆಯೋ ಕಲ್ಲಿಗೆ ಬಟ್ಟೆ ಬಡಿದ ಹಾಗೆ ಬಡಿದ. ಐನೂರು ದಾಟಿತು.

ಅದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನು ಬೇಕಿತ್ತು? ಪಿಕಪ್ ಬದಲಿಸಿದರೆ ವ್ಯತ್ಯಾಸ ಹತ್ತು. ಕೈ ಬದಲಿಸಿದರೆ ನೂರೈವತ್ತು. "ಕಾಂಗ್, ಎರಡೂ ಒಂದೇ. ಬೇರೆ ಆಗಿರೋದು ನಿನ್ನ ಕೈ" ಎಂದು ಮೆಲ್ಲಗೇ ಹೇಳಿದೆ. ನೀನು ಏನೆಂದೆ, ನೆನಪಿದೆಯಾ? "ಆಂಪ್ಲಿಫೈಯರ್ ರಿಪೇರಿಯೋನು ಡಾಕ್ಟರ್ ಯಾವಾಗ ಆದೆ? ಬಾಗಿಲ ಮೇಲಿನ ಬೋರ್ಡ್ ಬದಲಾಯಿಸು ಹಾಗಾದ್ರೆ." ಗಿಟಾರನ್ನು ಚೀಲಕ್ಕೂ ಹಾಕದೆ ಹೆಗಲಿಗೇರಿಸಿಕೊಂಡು ಹೊರಟೆ. ಬಾಗಿಲ ಚಿಲಕ ತೆಗೆಯಲು ನಿನ್ನ ಬಲಗೈ ಎರಡು ಸಲ ಜಾರಿತು. ಎಡಗೈಯಲ್ಲಿ ತೆಗೆದೆ. ಅದನ್ನು ನಾನು ನೋಡಿದ್ದು ನಿನಗೂ ಗೊತ್ತು.

ನನಗೆ ಸಿಟ್ಟು ಬರುವುದು ನಿನಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಹೀಗೆ ಮಾಡುತ್ತೀಯಲ್ಲ ಎಂದು. ಹಾಡಿನ ನಡುವೆ ಮೀಟುವ ಬಿಲ್ಲೆ ಬೆರಳಿನಿಂದ ಜಾರಿ ಬೀಳುತ್ತದೆ. ಅದಕ್ಕೆ ಮರಳುಕಾಗದ ಅಂಟಿಸಿಕೊಂಡೆ. ಅಂಗಿಯ ಗುಂಡಿ ಹಾಕಲಾಗದೆ ಟೀ ಶರ್ಟುಗಳಿಗೆ ಇಳಿದೆ. ಅಲ್ಯೂಮಿನಿಯಂ ಕಿಟಕಿಗಳ ನಿನ್ನ ವರ್ಕ್‌ಶಾಪಿನಲ್ಲಿ ದಿನವಿಡೀ ಗ್ರೈಂಡರ್ ಹಿಡಿದು ಮಣಿಕಟ್ಟು ನಡುಗುತ್ತಲೇ ಇರುತ್ತದೆ. ನಿದ್ದೆಯಲ್ಲೂ ನೀನು ಕೈ ಝಾಡಿಸುತ್ತೀಯಂತೆ. ತೆಹ್ ಇಮಾಸ್ ಜಗಳ ಮಾಡಿ ಕರೆದುಕೊಂಡು ಹೋದಾಗ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಬಿಡಿಸಿ ಹೇಳಿದ್ದಾರೆ: ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ದೊಡ್ಡಾಸ್ಪತ್ರೆಯಲ್ಲಿ ನರದ ಪರೀಕ್ಷೆ ಆಗಬೇಕು, ಬೇಕಾದರೆ ಸಣ್ಣದೊಂದು ಶಸ್ತ್ರಚಿಕಿತ್ಸೆ. ತಡ ಮಾಡಿದರೆ ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತದೆ, ಬತ್ತಿದ್ದು ತುಂಬಿಕೊಳ್ಳುವುದು ಅನುಮಾನ. ಇದೆಲ್ಲ ಕೇಳಿಸಿಕೊಂಡು ಮನೆಗೆ ಬಂದವನು ಮಾಡಿದ್ದೇನು? ಫೋನ್ ತೆಗೆದು ಹದಿನೆಂಟು ವೋಲ್ಟಿನ ವಿಡಿಯೊ ನೋಡಿದ್ದು.

ನಿನ್ನ ಭಯ ನನಗೆ ಅರ್ಥವಾಗುವುದಿಲ್ಲವೆಂದುಕೊಳ್ಳಬೇಡ. "ಕೈ ಕೊಯ್ಯಿಸ್ಕೊಂಡೋನು ಮತ್ತೆ ಹಿಂದಿನ ಹಾಗೆ ಬಾರಿಸಿದ್ದನ್ನ ನೀನು ನೋಡಿದ್ದೀಯಾ?" ಎಂದು ಎಂಗ್ಕುಸ್‌ನನ್ನು ಕೇಳಿದೆಯಂತೆ. ನನಗೂ ಖಚಿತವಿಲ್ಲ. ಪೂರ್ತಿ ಮೊದಲಿನಂತಾಗುತ್ತದೆ ಎಂದು ನಾನು ಸುಳ್ಳು ಬರೆಯಲಾರೆ. ಆದರೆ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದು ಖಚಿತವಾಗಿ ಗೊತ್ತಿದೆ. ಬಾಗಿದ ಬ್ಲೇಡಿಗೆ ಇನ್ನಷ್ಟು ಕರೆಂಟು ಕೊಟ್ಟು ಕಿಟಕಿ ಕೊಯ್ಯುವವನಲ್ಲ ನೀನು. ನಿನ್ನ ಕೆಲಸಗಾರ ಹಾಗೆ ಮಾಡಿದರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತೀಯ. ನಿನ್ನ ಕೈಗೆ ಮಾತ್ರ ಆ ನ್ಯಾಯ ಯಾಕಿಲ್ಲ?

ಇನ್ನು ನೀನು ನನ್ನನ್ನು ಬೈಯಬೇಕಾದ ವಿಷಯ. ನಮ್ಮ ಬ್ಯಾಂಡನ್ನು ಕರೆದಿದ್ದ ಸುರಬಾಯಾದ ಕಾರ್ಯಕ್ರಮಕ್ಕೆ ನಾವು ಬರುವುದಿಲ್ಲವೆಂದು ನಿನ್ನೆ ಹೇಳಿಬಿಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ಬಿಡುತ್ತಿರಲಿಲ್ಲ. ಎಂಗ್ಕುಸ್ ಒಪ್ಪಿದ್ದಾನೆ. ಬೇರೆ ಗಿಟಾರಿಗನನ್ನು ಕರೆದುಕೊಂಡು ಬನ್ನಿ ಎಂದರು ಅಲ್ಲಿನ ಆಯೋಜಕರು. ಆ ಮಾತಿಗೆ ಎಂಗ್ಕುಸ್ ಫೋನಿನಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ನನ್ನ ಅಮ್ಮ ಬಿಡುವುದಿಲ್ಲ.

ಬುಧವಾರ ದೊಡ್ಡಾಸ್ಪತ್ರೆಯಲ್ಲಿ ನಿನ್ನ ಸರದಿ ಇದೆ, ತೆಹ್ ಇಮಾಸ್ ಹೆಸರು ಬರೆಸಿದ್ದಾರೆ. ನಾನು ಕಾರು ತರುತ್ತೇನೆ. ದಾರಿಯುದ್ದಕ್ಕೂ ಬೈಯುವುದಾದರೆ ಬೈ, ಸೀಟಿನಲ್ಲಿ ಕೂತು ಬೈ. ಗಿಟಾರ್ ನನ್ನಲ್ಲೇ ಇರುತ್ತದೆ.

ನಿನ್ನ ಕೈ ವಾಸಿಯಾಗಿ ಬಂದ ಮೇಲೆ ಇನ್ನೂರೈವತ್ತೇ ಇದ್ದರೆ ಇರಲಿ. ನಿನ್ನನ್ನು ನಮ್ಮ ಮಟ್ಟಕ್ಕೆ ಏರಿಸುವ ಪಿಕಪ್ ಹುಡುಕುವುದನ್ನು ಬಿಟ್ಟು, ನಾವಿಬ್ಬರೂ ನಿನ್ನ ಮಟ್ಟಕ್ಕೆ ಇಳಿಯುತ್ತೇವೆ. ನಾನು ಬೇಸ್ ತಗ್ಗಿಸುತ್ತೇನೆ. ಎಂಗ್ಕುಸ್ ನಿನ್ನೆ ಸಂಜೆ ತೆಳ್ಳಗಿನ ಕೋಲು ಕೊಂಡು ತಂದ, ಎರಡು ಗಂಟೆ ಮೆಲ್ಲಗೆ ಬಾರಿಸಲು ಒದ್ದಾಡಿ ಬೆವರಿಹೋದ. "ಜೋರಾಗಿ ಬಡಿಯೋದು ಎಷ್ಟು ಸುಲಭ ಅಂತ ಇವತ್ತು ಗೊತ್ತಾಯ್ತು. ಕಾಂಗ್‌ಗೆ ಹೇಳ್ಬೇಡ, ನಾನು ಪ್ರಾಕ್ಟೀಸ್ ಮಾಡ್ತಿದ್ದೀನಿ ಅಂದ್ರೆ ಮರ್ಯಾದೆ ಹೋಗುತ್ತೆ" ಎಂದ. ಹೇಳಿದ್ದೇನೆ.

ದೇವರು ನಿನ್ನ ಹೆಬ್ಬೆರಳಿಗೆ ಬಲ ಕೊಡಲಿ. ಅದಕ್ಕೂ ಮೊದಲು, ಬುಧವಾರದೊಳಗೆ, ನಿನಗೆ ಬುದ್ಧಿ ಕೊಡಲಿ.

ನಿನ್ನ ಗೇಟಿನ ಮುಂದೆ ನೀನು ಹೊರಬರುವ ತನಕ ಹಾರ್ನ್ ಒತ್ತಲಿರುವ,
ಇಯುಸ್