ಸಮತೋಲನದ ತಿಂಡಿಯ ಹತ್ತು ಲಾಭಗಳು

ಟಮಾಲೆ, ಗುರುವಾರ

ಇಸಾಹಾಕು ಸರ್ ಅವರಿಗೆ,

ನಿನ್ನೆ ತಡವಾಗಿ ಬಂದದ್ದಕ್ಕೆ, ಬೆಳಗ್ಗೆ ಸಮತೋಲನದ ತಿಂಡಿ ತಿನ್ನುವುದರ ಹತ್ತು ಲಾಭ ಬರೆದು ತಾ ಎಂದು ಶಿಕ್ಷೆ ಕೊಟ್ಟಿರಿ. "ಸರಿಯಾಗಿ ತಿಂಡಿ ತಿಂದ್ರೆ ಕಾಲು ಚುರುಕಾಗುತ್ತೆ ಕಣಮ್ಮಾ" ಎಂದಿರಿ. ಇಡೀ ತರಗತಿ ನಕ್ಕಿತು.

ಎರಡೇ ಬರೆದಿದ್ದೇನೆ. ಸಜ್ಜೆ ಗಂಜಿಯ ಜೊತೆ ಅಲಸಂದೆ ಹಿಟ್ಟಿನ ಕೋಸೆ ವಡೆ ತಿಂದರೆ ಮೈಗೆ ಶಕ್ತಿ ಬರುತ್ತದೆ. ಮೊದಲ ಪಿರಿಯಡ್‌ನಲ್ಲಿ ಯಾರೂ ತೂಕಡಿಸುವುದಿಲ್ಲ, ನೀವೂ ಸೇರಿ.

ಇದು ಪುಸ್ತಕದಲ್ಲಿ ಓದಿದ್ದಲ್ಲ. ಶಾಲೆಯ ಗೇಟಿನ ಬಳಿ ಗಂಜಿ ಮಾರುವವಳು ನನ್ನಮ್ಮ, ಪಕ್ಕದಲ್ಲಿ ಕೋಸೆ ಕರಿಯುವವಳು ನಾನು. ನಿನ್ನೆ ಗಂಟೆ ಹೊಡೆದ ಮೇಲೂ ಒಬ್ಬರು, "ಇನ್ನೊಂದ್ ನಾಲ್ಕು ಬಿಸಿಬಿಸಿ ಹಾಕು, ಕಾಯ್ತೀನಿ" ಎಂದು ನಿಂತಿದ್ದರು. ನೀವೇ, ಸರ್. ಪೊಟ್ಟಣ ಹಿಡಿದು ನೀವು ನಡೆದಿರಿ. ಬಾಣಲೆ ಇಳಿಸಿ, ಕೈ ತೊಳೆದು ಓಡಿ ಬಂದರೆ ನೀವಾಗಲೇ ಹಾಜರಿ ಕರೆಯುತ್ತಿದ್ದಿರಿ.

ಇನ್ನು ಮೇಲೆ ತಡ ಮಾಡುವುದಿಲ್ಲ. ಅಮ್ಮನೂ ಒಪ್ಪಿದ್ದಾಳೆ. ನಾಳೆಯಿಂದ ಗಂಟೆಗೆ ಹತ್ತು ನಿಮಿಷ ಮೊದಲೇ ಒಲೆ ಆರಿಸುತ್ತೇವೆ. ನೀವು ಬರುವುದು ಯಾವಾಗಲೂ ಅದಾದ ಮೇಲೆ.

ಉಳಿದ ಎಂಟು ಲಾಭ ನಾಳೆ ಮೊದಲ ಪಿರಿಯಡ್‌ನಲ್ಲಿ ನಿಮಗೇ ಹೊಳೆಯುತ್ತವೆ. ಬರೆದುಕೊಳ್ಳಿ.

ಇಂತಿ,
ಕಾಲು ಚುರುಕಾದ
ವುಂಪಿನಿ